ಗುರುತಿಲ್ಲದವರ ಗ್ರಾಂಟ್ ರೋಡ್

ಮುಂಬಯಿ ಕನ್ನಡಿಗರ ನಕಾಶೆಯಲ್ಲಿ ಮಾಟುಂಗ ಇದೆ, ಮಾಹಿಮ್ ಇದೆ, ಫೋರ್ಟ್ ಇದೆ. ಈಗೀಗ ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿ ಕೂಡ ಸೇರಿವೆ. ಗ್ರಾಂಟ್ ರೋಡ್ ಮಾತ್ರ ಇಲ್ಲ. "ಗ್ರಾಂಟ್ ರೋಡಿಗೆ ಹೋಗಿದ್ದೆ" ಎಂದರೆ ನಮ್ಮ ಮನೆಗಳಲ್ಲಿ "ಅಲ್ಲೇನು ಕೆಲಸ?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಹೆಂಗಸರನ್ನು ಕೇಳುವಾಗ ದನಿ ಇನ್ನೊಂದು ಚೂರು ಏರುತ್ತದೆ.

ನನಗೆ ಅಲ್ಲಿ ಕೆಲಸ ಇತ್ತು. ಎಂ.ಟೆಕ್ ಮಾಡುವಾಗ ಪ್ರಾಜೆಕ್ಟಿಗೆ ಬೇಕಾದ ಸೆನ್ಸರು, ಬೋರ್ಡು, ಕೇಬಲ್ಲು ಎಲ್ಲವೂ ಸಿಗುತ್ತಿದ್ದದ್ದು ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರೋಡಿನಲ್ಲಿ. ಮೊದಲ ದಿನ ಅಂಗಡಿಯವನು ನನ್ನ ಪಟ್ಟಿ ನೋಡಿ, "ಯಾರಿಗೆ, ತಮ್ಮನಿಗಾ?" ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದಲ್ಲಿ ಹಳೆಯ ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದ ಪಾರ್ಸಿ ಅಜ್ಜ ತಲೆ ಎತ್ತದೆಯೇ, "ಅವಳಿಗೇ. ಕೊಡುವ ಮುಂಚೆ ಟೆಸ್ಟ್ ಮಾಡಿ ಕೊಡು" ಅಂದರು. ಅವರ ಹೆಸರು ನಾನು ಕೇಳಲಿಲ್ಲ, ಮತ್ತೆ ಅವರನ್ನು ನೋಡಲೂ ಇಲ್ಲ. ಆದರೆ ಆ ರಸ್ತೆಯಲ್ಲಿ ನನಗೆ ಕಾಲೂರಲು ಜಾಗ ಮಾಡಿಕೊಟ್ಟವರು ಅವರೇ. ಗುರುತಿಲ್ಲದವರು ಹೀಗೆ ಎದುರಾಗಿ ಎರಡು ಮಾತಾಡಿ ಹೋಗಲು ಒಂದು ಊರು ಹೇಗೆ ತಯಾರಾಗುತ್ತದೆ, ಅದರೊಳಗೆ ಹೆಂಗಸರು ಯಾವಾಗ ಬಂದರು ಎಂಬ ಕುತೂಹಲಕ್ಕೆ ನಾನು ಗ್ರಾಂಟ್ ರೋಡಿನ ಚರಿತ್ರೆ ಓದತೊಡಗಿದೆ. ಓದುತ್ತಾ ಹೋದಂತೆ ಅಲ್ಲಿ ನಮ್ಮವರು ಒಬ್ಬೊಬ್ಬರಾಗಿ ಸಿಗತೊಡಗಿದರು.

ರಸ್ತೆಯ ಹೆಸರು 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್ ಅವರದು. ಈಗ ರಸ್ತೆಗೆ ಮೌಲಾನಾ ಶೌಕತ್ ಅಲಿ ಹೆಸರಿದೆ. ಹಳೆಯ ಹೆಸರು ಉಳಿದಿರುವುದು ಸ್ಟೇಷನ್ನಿನಲ್ಲಿ, ಜನರ ಬಾಯಲ್ಲಿ. ಆ ಕಾಲಕ್ಕೆ ಇದು ಕೋಟೆಯ ಹೊರಗೆ, ದೂರದ ಜಾಗ. ಕೋಟೆಯೊಳಗಿನ ಇಂಗ್ಲಿಷರ ನಾಟಕಶಾಲೆ ಸಾಲದಲ್ಲಿ ಮುಳುಗಿ ಮಾರಾಟವಾದ ಮೇಲೆ, ಹೊಸದನ್ನು ಕಟ್ಟಲು ಜಗನ್ನಾಥ ಶಂಕರಶೇಟ್ ಗ್ರಾಂಟ್ ರೋಡಿನಲ್ಲಿ ಜಾಗ ಕೊಟ್ಟರು. ನಾನಾ ಚೌಕ್ ಎನ್ನುತ್ತೇವಲ್ಲ, ಆ ನಾನಾ ಇವರೇ. 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ತೆರೆಯಿತು. ಇಂಗ್ಲಿಷರಿಗೆ ಅದು ದೂರವಾಯಿತು, ರಾತ್ರಿ ಹೊತ್ತು ಗಾಡಿ ಕಟ್ಟಿಕೊಂಡು ಬರುವ ಉತ್ಸಾಹ ಅವರಲ್ಲಿ ಉಳಿಯಲಿಲ್ಲ. ಖಾಲಿ ಬಿದ್ದ ರಂಗಮಂದಿರವನ್ನು ತುಂಬಿಸಿದವರು ಊರಿನ ಜನ.

1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ಅವರ ಮಂಡಳಿ ಇಲ್ಲಿ ಬಂದು ಟಿಕೆಟ್ ಇಟ್ಟು ಮರಾಠಿ ನಾಟಕ ಆಡಿತು. ಅದೇ ವರ್ಷ ಪಾರ್ಸಿ ನಾಟಕ ಮಂಡಳಿ ಶುರುವಾಯಿತು. ಹಿಂದಿ ಸಿನೆಮಾದ ಹಾಡು, ಕುಣಿತ, ಡೈಲಾಗಿನ ಅಜ್ಜ ಪಾರ್ಸಿ ರಂಗಭೂಮಿ ಎಂದು ಎಲ್ಲರೂ ಹೇಳುತ್ತಾರೆ. ಭಾವೆಯವರ ಹಿಂದಿನ ಕತೆಯನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. 1842ರ ಸುಮಾರಿಗೆ ನಮ್ಮ ಉತ್ತರ ಕನ್ನಡದ ಭಾಗವತ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದು ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಎಂದು ನಮ್ಮ ಕಡೆ ಹೇಳುತ್ತಾರೆ. ಆಟ ನೋಡಿದ ಅಲ್ಲಿನ ರಾಜ ಚಿಂತಾಮಣರಾವ್ ಪಟವರ್ಧನರು, ಇಂಥದನ್ನು ಮರಾಠಿಯಲ್ಲಿ ಮಾಡು ಎಂದು ಭಾವೆಗೆ ಹೇಳಿದರು. 1843ರಲ್ಲಿ ಬಂದ 'ಸೀತಾ ಸ್ವಯಂವರ'ವನ್ನು ಮರಾಠಿ ರಂಗಭೂಮಿಯ ಮೊದಲ ನಾಟಕವೆಂದು ಗುರುತಿಸುತ್ತಾರೆ. ಹತ್ತು ವರ್ಷದ ಮೇಲೆ ಅದೇ ಭಾವೆ ಗ್ರಾಂಟ್ ರೋಡಿಗೆ ಬಂದರು.

ನಾನು ಕರ್ಕಿಯಿಂದ ಬಹಳ ದೂರದವಳಲ್ಲ. ಸಣ್ಣವಳಿದ್ದಾಗ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡಿದ್ದೇನೆ. ಆ ಚೆಂಡೆ, ಭಾಗವತಿಕೆಯ ಒಂದು ಎಳೆ ಸಾಂಗ್ಲಿ ಸುತ್ತಿ ಗ್ರಾಂಟ್ ರೋಡಿನ ರಂಗಕ್ಕೆ ತಲುಪಿತ್ತೆಂದು ಓದಿದ ದಿನ ಆಫೀಸಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಆದರೆ ಅಲ್ಲೂ ಇಲ್ಲೂ ಒಂದು ಸಮಾನ ಅಂಶ. ಸೀತೆ ಗಂಡಸು, ದ್ರೌಪದಿ ಗಂಡಸು, ಪ್ರೇಕ್ಷಕರಲ್ಲೂ ಹೆಚ್ಚಿನವರು ಗಂಡಸರು. ಮುಂದೆ ಗ್ರಾಂಟ್ ರೋಡ್ ಸುತ್ತಮುತ್ತ ಎಷ್ಟೋ ನಾಟಕಶಾಲೆಗಳು ಎದ್ದವು. ಪ್ಲೇಹೌಸ್ ಎನ್ನುವ ಮಾತು ಜನರ ಬಾಯಲ್ಲಿ 'ಪೀಲಾ ಹೌಸ್' ಆಯಿತು. ಆ ನಾಟಕಶಾಲೆಗಳು ಒಂದೊಂದಾಗಿ ಸಿನೆಮಾ ಟಾಕೀಸುಗಳಾದವು. ಹತ್ತಿರದ ಒಪೇರಾ ಹೌಸ್ ಕೂಡ ನಾಟಕದಿಂದ ಸಿನೆಮಾಕ್ಕೆ ತಿರುಗಿ, ಮುಚ್ಚಿ, 2016ರಲ್ಲಿ ಮತ್ತೆ ತೆರೆಯಿತು. ಜಯಂತ ಕಾಯ್ಕಿಣಿಯವರ 'ಒಪೇರಾ ಹೌಸ್' ಕತೆ ಓದಿದವರಿಗೆ ನೆನಪಿರಬಹುದು: ಟಾಕೀಸು ಗುಡಿಸುವ ಹುಡುಗನಿಗೆ ಯಾರೋ ಬಿಟ್ಟುಹೋದ ಥರ್ಮಾಸ್ ಫ್ಲಾಸ್ಕ್ ಸಿಗುತ್ತದೆ. ಮುಖ ಕಾಣದ ಅಪರಿಚಿತನ ಋಣದ ಬಗ್ಗೆ ಅದಕ್ಕಿಂತ ಒಳ್ಳೆಯ ಕತೆ ನಾನು ಓದಿಲ್ಲ.

ಹೆಂಗಸರ ವಿಷಯಕ್ಕೆ ಬರುತ್ತೇನೆ. ಹೆಂಗಸರು ಗುರುತಿಲ್ಲದವರ ಪಕ್ಕ ಕೂರುವಂತೆ ಮಾಡಿದ್ದು ನಾಟಕವಲ್ಲ, ರೈಲು. ಇದು ನನ್ನ ಅಭಿಪ್ರಾಯ. 1864ರಲ್ಲಿ ಗುಜರಾತಿನ ಕಡೆಯ ರೈಲು ಗ್ರಾಂಟ್ ರೋಡಿನವರೆಗೆ ಬಂತು. ಆಗ ಮುಂಬಯಿಗೆ ಬರುವವರಿಗೆ ಇದೇ ಕೊನೆಯ ಸ್ಟೇಷನ್. 1867ರ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್ ಬೇಗೆ ದಿನಕ್ಕೊಂದು ಲೋಕಲ್ ಶುರುವಾಯಿತು. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು, ಅಷ್ಟೇ. ಇವತ್ತು 8.12ರ ಫಾಸ್ಟ್ ತಪ್ಪಿದರೆ ಮೂರು ನಿಮಿಷ ಕಾಯಬೇಕಲ್ಲ ಎಂದು ಗೊಣಗುವ ನಮಗೆ ಇದು ತಮಾಷೆ ಅನಿಸಬಹುದು.

1890ರ ರೈಲ್ವೆ ಕಾಯಿದೆಯ 64ನೇ ಕಲಮು ಹೆಚ್ಚು ಜನರಿಗೆ ಗೊತ್ತಿಲ್ಲ. 1891ರ ಜನವರಿಯಿಂದ ಪ್ರತಿ ಪ್ಯಾಸೆಂಜರ್ ಗಾಡಿಯಲ್ಲೂ ಅತಿ ಕೆಳಗಿನ ದರ್ಜೆಯ ಒಂದು ಕಂಪಾರ್ಟ್‌ಮೆಂಟಾದರೂ ಹೆಂಗಸರಿಗೇ ಮೀಸಲಿರಬೇಕು ಎನ್ನುತ್ತದೆ ಅದು. ಐವತ್ತು ಮೈಲಿಗಿಂತ ಹೆಚ್ಚು ಓಡುವ ಗಾಡಿಯಾದರೆ ಆ ಡಬ್ಬಿಯಲ್ಲಿ ಶೌಚಾಲಯವೂ ಇರಬೇಕು. ಕೆಳದರ್ಜೆ ಎಂಬ ಮಾತನ್ನು ಗಮನಿಸಿ. ಮೇಲಿನ ದರ್ಜೆಯವರಿಗೆ ಮರೆ ಮೊದಲೇ ಇತ್ತು. ಮೀನು ಮಾರುವವಳು, ಗಿರಣಿ ಕೆಲಸದವಳು, ತವರಿಗೆ ಹೊರಟವಳು ಒಂದೇ ಬೆಂಚಿನ ಮೇಲೆ ಕೂತದ್ದು ಈ ಡಬ್ಬಿಯಲ್ಲಿ. ಜಾತಿ ಕೇಳಿ ಕೂರುವಷ್ಟು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. 1992ರ ಮೇ 5ರಂದು ಚರ್ಚ್‌ಗೇಟಿನಿಂದ ಬೊರಿವಲಿಗೆ ಇಡೀ ಗಾಡಿಯೇ ಹೆಂಗಸರದಾಯಿತು, ಲೇಡೀಸ್ ಸ್ಪೆಷಲ್. ನೂರು ವರ್ಷ ಬೇಕಾಯಿತು ಒಂದು ಡಬ್ಬಿ ಒಂದು ಗಾಡಿಯಾಗಲು.

ಲೇಡೀಸ್ ಡಬ್ಬಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. "ಕಹಾಂ ಉತರೇಂಗೆ?" ಎಂಬ ಒಂದು ಪ್ರಶ್ನೆಯಿಂದ ಎಷ್ಟು ಸ್ನೇಹ, ಎಷ್ಟು ಜಗಳ ಹುಟ್ಟಿದೆ ಎಂಬುದಕ್ಕೆ ಲೆಕ್ಕವಿಲ್ಲ. ಬಸುರಿಯಿದ್ದಾಗ ನಾನು ಬಾಯಿ ತೆರೆಯುವ ಮುಂಚೆಯೇ ದಾದರಿನಲ್ಲಿ ಒಬ್ಬರು ಎದ್ದು, ನನ್ನ ತೋಳು ಹಿಡಿದು ತಮ್ಮ ಜಾಗದಲ್ಲಿ ಕೂರಿಸಿ, ಗಾಡಿ ಬೊರಿವಲಿ ಮುಟ್ಟುವವರೆಗೆ ನಿಂತು ಬಟಾಣಿ ಸುಲಿದರು. ಸುಲಿದ ಬಟಾಣಿಯಲ್ಲಿ ಒಂದು ಹಿಡಿ ನನ್ನ ಕೈಗೂ ಹಾಕಿದರು.

ರೈಲಿನಿಂದ ರಸ್ತೆಗೆ ಇಳಿಯುವುದು ಇನ್ನೂ ಕಷ್ಟದ ಹೆಜ್ಜೆ. ಅದಕ್ಕೆ 1930 ಬರಬೇಕಾಯಿತು. ಗ್ರಾಂಟ್ ರೋಡಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ಕಾಂಗ್ರೆಸ್ ಹೌಸ್ ಇದೆ. ಅದೇ ಆವರಣದ ಜಿನ್ನಾ ಹಾಲ್, 1918ರಲ್ಲಿ ಗವರ್ನರ್ ವಿಲಿಂಗ್ಡನ್ ವಿರುದ್ಧ ನಿಂತ ಜಿನ್ನಾ ಅವರ ಗೌರವಕ್ಕೆ ಊರಿನ ಜನ ಒಂದೊಂದು ರೂಪಾಯಿ ಚಂದಾ ಹಾಕಿ ಕಟ್ಟಿಸಿದ್ದು. ದಾಂಡಿಗೆ ನಡೆದವರಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿರಲಿಲ್ಲ. ಇದು ಸರಿಯಲ್ಲ ಎಂದು ಅವರ ಬಳಿ ಹೋಗಿ ವಾದಿಸಿದವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ಮತ್ತೆ ಮದುವೆ, ನಾಟಕ, 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧೆ, ಸ್ವಲ್ಪದರಲ್ಲಿ ಸೋಲು. ಇಷ್ಟೆಲ್ಲ ಅಷ್ಟರೊಳಗೆ ಆಗಿಹೋಗಿತ್ತು.

ಏಪ್ರಿಲಿನಲ್ಲಿ ಚೌಪಾಟಿಯ ಮರಳಿನ ಮೇಲೆ ಕಮಲಾದೇವಿ, ಅವಂತಿಕಾಬಾಯಿ ಗೋಖಲೆ ಮತ್ತು ಇತರ ಹೆಂಗಸರು ಒಲೆ ಹೂಡಿ ಉಪ್ಪು ಕಾಯಿಸಿದರು. ಕಾಂಗ್ರೆಸ್ ಹೌಸಿನ ಮಾಳಿಗೆಯ ಮೇಲೂ ಉಪ್ಪಿನ ಕೆಲಸ ನಡೆದು ಪೊಲೀಸರು ನುಗ್ಗಿದರು. ಉಪ್ಪು ಮಾಡುವುದಕ್ಕಿಂತ ಮಾರುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಮಾಡುವಾಗ ಸುತ್ತ ನಮ್ಮವರೇ ಇರುತ್ತಾರೆ. ಮಾರಬೇಕಾದರೆ ಗುರುತಿಲ್ಲದವನ ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು. ಕಮಲಾದೇವಿ ಪೊಟ್ಟಣ ಕಟ್ಟಿದ ಉಪ್ಪು ಹಿಡಿದು ಸ್ಟಾಕ್ ಎಕ್ಸ್‌ಚೇಂಜಿನ ಒಳಗೆ ಹೋದರು. ಗಂಡಸರು ಮಾತ್ರ ಕೂಗಾಡುವ ಜಾಗ ಅದು. ದಲಾಲರು ಕೊಂಡರು. ಹೈಕೋರ್ಟಿಗೆ ಹೋಗಿ ಅಲ್ಲಿದ್ದ ಮ್ಯಾಜಿಸ್ಟ್ರೇಟರಿಗೂ "ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ" ಎಂದು ಕೇಳಿದರು. ಆ ವರ್ಷ ಕೇಸರಿ ಸೀರೆಯ ದೇಶಸೇವಿಕೆಯರು ವಿದೇಶಿ ಬಟ್ಟೆ ಅಂಗಡಿಗಳ ಮುಂದೆ, ಸಾರಾಯಿ ಅಂಗಡಿಗಳ ಮುಂದೆ ನಿಂತು, ಹೋಗಿಬರುವ ಅಪರಿಚಿತರಿಗೆ ಕೈಮುಗಿದು ಬೇಡ ಎಂದರು. ಮುಂಬಯಿಯ ಹೆಂಗಸು ಹಗಲುಹೊತ್ತು ರಸ್ತೆಬದಿ ಸುಮ್ಮನೆ ನಿಲ್ಲಬಹುದು, ಗುರುತಿಲ್ಲದವರನ್ನು ತಾನಾಗಿ ಮಾತಾಡಿಸಬಹುದು ಎನ್ನುವುದು ಅಲ್ಲಿ ರೂಢಿಗೆ ಬಂತು.

ಅದೇ ಜಿನ್ನಾ ಹಾಲಿನಲ್ಲಿ ಕೆಲವೇ ವರ್ಷಗಳ ಮೇಲೆ ಬೆಳಗಾವಿ ಸೀಮೆಯ ಸುಳೇಭಾವಿಯ ಒಬ್ಬ ಹುಡುಗ ಹಾಡಿದ. ಹನ್ನೊಂದೋ ಹನ್ನೆರಡೋ ವಯಸ್ಸು, ಮನೆಮಾತು ಕನ್ನಡ, ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಸಭೆಯಲ್ಲಿ ಕೂತಿದ್ದ ದೊಡ್ಡ ದೊಡ್ಡ ಉಸ್ತಾದರು ಬೆರಗಾದರು. ನಮಗೆಲ್ಲ ಗೊತ್ತಿರುವ ಕುಮಾರ ಗಂಧರ್ವ ಅವನೇ. ಒಪೇರಾ ಹೌಸಿನ ಹತ್ತಿರದ ದೇವಧರ್ ಅವರ ಸಂಗೀತ ಶಾಲೆ ಆಮೇಲೆ ಅವನ ಮನೆಯಾಯಿತು.

ನಮ್ಮವರು ಇಲ್ಲಿ ಇರಲೇ ಇಲ್ಲ ಎಂದಲ್ಲ. ಸ್ಟೇಷನ್ನಿನ ಪಶ್ಚಿಮಕ್ಕೆ ಗಾಂವದೇವಿಯಲ್ಲಿ, ಕೆನರಾದಿಂದ ಬಂದ ಸಾರಸ್ವತರಿಗಾಗಿ ಎಸ್. ಎಸ್. ತಲ್ಮಕಿಯವರು 1915ರಲ್ಲಿ ಸಹಕಾರಿ ವಸತಿ ಸಂಘ ಕಟ್ಟಿದರು. ದೇಶದಲ್ಲೇ ಮೊದಲಿನವುಗಳಲ್ಲಿ ಒಂದು. ತಾಡದೇವದ ಬಳಿ ಅವರ ಹೆಸರಿನ ತಲ್ಮಕಿವಾಡಿಯೂ ಇದೆ. ದೊಡ್ಡ ಕೆಲಸ, ನಿಜ. ಆದರೆ ಊರು ಬಿಟ್ಟು ಬಂದ ನಾವು ನಗರದಲ್ಲಿ ಮೊದಲು ಮಾಡುವುದು ಅಪರಿಚಿತರನ್ನು ಕಡಿಮೆ ಮಾಡಿಕೊಳ್ಳುವುದನ್ನೇ. ಸಂಘ, ವಾಡಿ, ಬೋರ್ಡಿಂಗು, ರಾತ್ರಿಶಾಲೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ನಮ್ಮ ಹುಡುಗರ ಕತೆ ಪ್ರತಿ ಸ್ಮರಣ ಸಂಚಿಕೆಯಲ್ಲೂ ಬರುತ್ತದೆ, ಬರಲೇಬೇಕು. ಸ್ಟೇಷನ್ನಿನ ಪೂರ್ವದಲ್ಲಿದ್ದ ಕನ್ನಡದ ಹೆಣ್ಣುಮಕ್ಕಳ ಕತೆ ನಾನು ಯಾವ ಸಂಚಿಕೆಯಲ್ಲೂ ಓದಿಲ್ಲ.

ಅವರಲ್ಲಿ ಹಾಡಿ ಗೆದ್ದವರು ಕೆಲವರು ನಮಗೆ ಗೊತ್ತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಅವರ ಅಕ್ಕ ಗೋಹರ್‌ಬಾಯಿ. ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತರು. ಅಮೀರ್‌ಬಾಯಿ ಹಾಡಿದ 1943ರ 'ಕಿಸ್ಮತ್' ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ತಮ್ಮ ಹೆಸರಿನ ಜೊತೆಗೆ ನಾಡಿನ ಹೆಸರು ಹೊತ್ತು ತಿರುಗಿದ ಇಂಥವರು ಎಷ್ಟು ಜನ ಇದ್ದಾರೆ ಹೇಳಿ. ಅವರ ಹಿಂದೆ ಹೆಸರಿಲ್ಲದೆ ಬಂದವರು ಬಹಳ. ಬೆಳಗಾವಿ, ವಿಜಯಪುರ ಸೀಮೆಯಲ್ಲಿ ದೇವರ ಹೆಸರಲ್ಲಿ ಬಿಟ್ಟ ಹುಡುಗಿಯರನ್ನು ದಲ್ಲಾಳಿಗಳು ಸಾಂಗ್ಲಿ, ಪುಣೆ ದಾಟಿಸಿ ಮುಂಬಯಿಗೆ, ಪೀಲಾ ಹೌಸ್ ಮತ್ತು ಕಾಮಾಟಿಪುರದ ಓಣಿಗಳಿಗೆ ತಂದರು. ನಮ್ಮ ಭಾಗವತರ ಆಟ ಹೋದದ್ದೂ ಸಾಂಗ್ಲಿಯ ಮೇಲೆಯೇ. 1934ರಲ್ಲಿ ಮುಂಬಯಿ ಪ್ರಾಂತ್ಯ ದೇವದಾಸಿ ರಕ್ಷಣಾ ಕಾಯಿದೆ ಮಾಡಿತು. ನಮ್ಮ ಮುಂಬಯಿ ಕರ್ನಾಟಕದ ಜಿಲ್ಲೆಗಳೂ ಅದರೊಳಗಿದ್ದವು. ಅರ್ಧ ಶತಮಾನವಾದರೂ ಪದ್ಧತಿ ನಿಲ್ಲದೆ 1982ರಲ್ಲಿ ಕರ್ನಾಟಕ ಇನ್ನೊಂದು ಕಾಯಿದೆ ತರಬೇಕಾಯಿತು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಲ್ಯಾಮಿಂಗ್ಟನ್ ರೋಡಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಕೊಂಡು ಗ್ರಾಂಟ್ ರೋಡ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆ. ಅಮ್ಮನಿಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಿ ಇಟ್ಟೆ. ಬೆಂಚಿನ ಆ ತುದಿಯಿಂದ ದನಿ ಬಂತು.

"ಕನ್ನಡ ಬರತೈತೇನ ಯವ್ವಾ ನಿನಗ?"

ಅರವತ್ತು ದಾಟಿದ ಹೆಂಗಸು. ಹಣೆಗೆ ದೊಡ್ಡ ಕುಂಕುಮ, ಇಳಕಲ್ಲಿನಂಥ ಸೀರೆ, ಕೈಯಲ್ಲಿ ಗಾಜು ಒಡೆದ ಮೊಬೈಲು. ಅದರಲ್ಲಿ ಬ್ಯಾಂಕಿನ ಹೆಸರಿನಲ್ಲಿ ಒಂದು ಮೆಸೇಜು: ಕೆವೈಸಿ ಆಗಿಲ್ಲ, ಇವತ್ತು ರಾತ್ರಿ ಖಾತೆ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ. ಬೆಳಿಗ್ಗೆಯಿಂದ ನಾಲ್ಕೈದು ಜನರಿಗೆ ತೋರಿಸಲು ಹೋಗಿದ್ದರಂತೆ. "ಫೋನ್ ಹಿಡಕೊಂಡ ಹತ್ರ ಹ್ವಾದ್ರ ಮಂದಿ ದೂರ ಸರೀತಾರ. ರೊಕ್ಕ ಕೇಳತಾಳ ಅಂದ್ಕೋತಾರ." ಖಾತೆಯಲ್ಲಿದ್ದದ್ದು ತಂಗಿಯ ಮೊಮ್ಮಗಳ ನರ್ಸಿಂಗ್ ಫೀಸು. ಹುಡುಗಿ ಗೋಕಾಕಿನಲ್ಲಿ ಓದುತ್ತಾಳೆ.

ಅದು ಬ್ಯಾಂಕಿನದಲ್ಲ, ಕಳ್ಳರದು ಎಂದೆ. ಲಿಂಕಿನ ಹೆಸರಿನಲ್ಲಿ ಬ್ಯಾಂಕಿನ ಹೆಸರಿಗೂ ಅದಕ್ಕೂ ಇದ್ದ ಒಂದಕ್ಷರದ ವ್ಯತ್ಯಾಸ ತೋರಿಸಿ, ಮೆಸೇಜು ಅಳಿಸಿ, ಆ ನಂಬರು ಬ್ಲಾಕ್ ಮಾಡಿದೆ. ಓಟಿಪಿ ಯಾರು ಕೇಳಿದರೂ ಕೊಡಬೇಡಿ ಅಮ್ಮಾ ಎಂದೆ. "ನೀ ಕೇಳಿದ್ರೂ?" ಅಂದರು. ನಾನು ಕೇಳಿದರೂ ಎಂದೆ. ಇಬ್ಬರೂ ನಕ್ಕೆವು.

ಊರು ಸವದತ್ತಿ ಕಡೆ, ಬಂದು ನಲವತ್ತು ವರ್ಷದ ಮೇಲಾಯಿತು, ಮನೆ ಪೀಲಾ ಹೌಸ್ ಹತ್ತಿರ. ಇಷ್ಟು ಅವರು ಹೇಳಿದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಎರಡು ಸ್ಲೋ ಗಾಡಿ ಬಂದು ಹೋದವು. ನೀವು ಯಾವ ಕಡೆ ಹೋಗಬೇಕು ಎಂದಾಗ ಅವರು ಸೊಂಟದ ಚೀಲದಿಂದ ಟಿಕೆಟ್ ತೆಗೆದು ತೋರಿಸಿದರು. ಚರ್ನಿ ರೋಡಿಗೆ, ಐದು ರೂಪಾಯಿ. "ಎಲ್ಲಿಗೂ ಇಲ್ಲವಾ. ಪ್ಲಾಟ್‌ಫಾರ್ಮ್ ಟಿಕೇಟ ಹತ್ತು ರೂಪಾಯಿ, ಇದು ಐದು. ಒಂದ ತಾಸ ಗಾಳಿಗೆ ಕೂಡಾಕ ಬರತೀನಿ. ಇಲ್ಲಿ ಯಾರೂ ಎಬ್ಬಸೂದಿಲ್ಲ."

ಮುಂಬಯಿಯ ಹೆಂಗಸು ಊರಿನಲ್ಲಿ ಸುಮ್ಮನೆ ಅಡ್ಡಾಡುವ ಹಕ್ಕಿನ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ 2011ರಲ್ಲಿ 'ವೈ ಲಾಯ್ಟರ್?' ಎಂಬ ಒಳ್ಳೆಯ ಪುಸ್ತಕ ಬರೆದಿದ್ದಾರೆ. ಏನಾದರೂ ಕೆಲಸವಿದೆ ಎಂದು ತೋರಿಸದೆ ನಮಗೆ ಹೊರಗೆ ನಿಲ್ಲಲಾಗುವುದಿಲ್ಲ ಎನ್ನುತ್ತದೆ ಅದು. ಐದು ರೂಪಾಯಿಯ ಆ ಟಿಕೆಟ್ ನೋಡಿದಾಗ ನನಗೆ ಅದು ನೆನಪಾಯಿತು.

ನೀನು ಇಲ್ಲಿ ಕನ್ನಡ ಯಾರ ಜೊತೆ ಮಾತಾಡುತ್ತೀ ಎಂದು ಕೇಳಿದರು. ನಮ್ಮ ಸಂಘದ ಬಗ್ಗೆ ಹೇಳಿದೆ. ತಿಂಗಳಿಗೊಮ್ಮೆ ಹೆಂಗಸರ ಕಾರ್ಯಕ್ರಮ ಇರುತ್ತದೆ, ಹಾಡು, ಹರಟೆ, ಊಟ ಎಂದೆ.

"ಮೆಂಬರ್ ಅಲ್ಲದವರು ಬರಬೌದೇನ?"

ಬರಬಹುದು ಎಂದೆ. ಬ್ಯಾಟರಿಯ ಬಿಲ್ಲಿನ ಹಿಂದೆ ಕನ್ನಡದಲ್ಲಿ ಸಭಾಂಗಣದ ವಿಳಾಸ, ದಿನ, ಹೊತ್ತು ಬರೆದು ಕೊಟ್ಟೆ. ಅವರು ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಎರಡನೇ ಇಯತ್ತೆವರೆಗೆ ಶಾಲೆಗೆ ಹೋಗಿದ್ದೆ, ಒತ್ತಕ್ಷರ ಮಾತ್ರ ಮರೆತೈತಿ ಅಂದರು. 'ಕಾರ್ಯಕ್ರಮ'ದಲ್ಲಿ ತಡವರಿಸಿದರು, ನಾನು ಹೇಳಿಕೊಡುವ ಮುಂಚೆ ತಾವೇ ದಾಟಿದರು. ಬೊರಿವಲಿ ಸ್ಲೋ ಬಂತು. "ಹತ್ತವಾ, ಲೇಡೀಸ್ ಡಬ್ಬಿ ಅಲ್ಲಿ ನಿಲ್ಲತೈತಿ" ಎಂದು ಬೆರಳು ತೋರಿಸಿದರು. ನಾನು ಬಾಗಿಲಿನ ಕಂಬಿ ಹಿಡಿದು ತಿರುಗಿ ನೋಡಿದಾಗ ಅವರು ಬಿಲ್ಲನ್ನು ತಿರುವಿ, ಮುಂದಿನ ಬದಿಯಲ್ಲಿದ್ದ ಬ್ಯಾಟರಿಯ ರೇಟನ್ನು ಓದುತ್ತಿದ್ದರು.